ಬುಗುರಿಯ ಓದು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರಗಳು.

ನಾವಿಲ್ಲಿ ಸುಮಾರಾಗಿದ್ದೇವೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಕೂತರೆ ಏಳಲಾಗುವುದಿಲ್ಲ, ಎದ್ದರೆ ಕೂರಲು ಪುರುಸೊತ್ತಿಲ್ಲ, ಹಾಗಾಗಿದೆ ನನ್ನ ಬಾಳು. ಫೋನಿನಲ್ಲಿ ಹೇಳೋಣವೆಂದರೆ ಬುಗುರಿ ಸುತ್ತಮುತ್ತಲೇ ಇರುತ್ತಾಳೆ. ಈಗ ಅಪ್ಪನ ಜೊತೆ ಕೂದಲು ಕತ್ತರಿಸಿಕೊಳ್ಳಲು ಹೋಗಿದ್ದಾಳೆ, ಅದಕ್ಕೇ ಬರೆಯುತ್ತಿದ್ದೇನೆ.

ಅವಳನ್ನು ಪರೀಕ್ಷೆ ಮಾಡಿಸಿದೆವು ಅಕ್ಕ. ಶಾಲೆಯ ಪರೀಕ್ಷೆಯಲ್ಲ. ಮಗಳು ನಾಲ್ಕನೇ ಕ್ಲಾಸಿಗೆ ಬಂದರೂ ಓದು ಹತ್ತುತ್ತಿಲ್ಲವಲ್ಲ, ಅದು ಯಾಕೆಂದು ತಿಳಿಯುವ ಪರೀಕ್ಷೆ. ಹೊಸದಾಗಿ ಬಂದ ಕ್ಲಾಸ್ ಟೀಚರ್ ನನ್ನನ್ನು ಕರೆಸಿ, ಇವಳು ಪಾಠ ಓದುತ್ತಿಲ್ಲ, ಪಕ್ಕದವಳು ಓದುವುದನ್ನು ಕೇಳಿ ಬಾಯಿಪಾಠ ಮಾಡಿ ಒಪ್ಪಿಸುತ್ತಾಳೆ ಎಂದರು. ನನಗೆ ನಂಬಿಕೆಯಾಗಲಿಲ್ಲ. ಮನೆಗೆ ಬಂದು, ಅವಳು ಕಂಡಿರದ ಪುಸ್ತಕವೊಂದನ್ನು ಕೈಗೆ ಕೊಟ್ಟೆ. ಬಾಯೇ ಬಿಡಲಿಲ್ಲ.

ಮೊದಲು ಕಣ್ಣಿನ ಡಾಕ್ಟರು. ಕಣ್ಣು ಚೆನ್ನಾಗಿದೆ ಎಂದರು. ಆಮೇಲೆ ಕಿವಿ. ಅದೂ ಚೆನ್ನಾಗಿದೆ. ಪ್ರತಿಸಲವೂ ಚೆನ್ನಾಗಿದೆ ಅನ್ನಿಸಿಕೊಂಡು ಇನ್ನಷ್ಟು ಸುಸ್ತಾಗಿ ಮನೆಗೆ ಬರುತ್ತಿದ್ದೆ. ದೊಡ್ಡಾಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ನಮ್ಮ ಸರದಿ ಬರುವ ಹೊತ್ತಿಗೆ ಮಳೆ ಮುಗಿದು ಚಳಿಯೂ ಮುಗಿದಿತ್ತು. ಗಾರ್ಮೆಂಟ್ಸಿನಲ್ಲಿ ನಾನು ಕಾಲರ್ ಹೊಲಿಯುವವಳು, ಒಬ್ಬಳು ಎದ್ದುಹೋದರೆ ಲೈನಿನಲ್ಲಿ ಮುಂದಿನವರೆಲ್ಲ ಕೈಕಟ್ಟಿ ಕೂರಬೇಕು. ಮತ್ತೆ ರಜೆ ಕೇಳಿದಾಗ ಸೂಪರ್‌ವೈಸರ್, ನಿಮ್ಮ ಮಗಳು ಗುಂಡುಕಲ್ಲಿನ ಹಾಗಿದ್ದಾಳಲ್ಲಮ್ಮ, ಏನು ಕಾಯಿಲೆ ಎಂದ. ಏನೆಂದು ಹೇಳಲಿ?

ಪರೀಕ್ಷೆ ಮಾಡುವ ಮೇಡಂ ನನಗಿಂತ ಚಿಕ್ಕವರು. ಎರಡು ದಿನ ಬೆಳಗಿನ ಹೊತ್ತು ಅವಳನ್ನು ಕೂರಿಸಿಕೊಂಡರು. ನಾನು ಬಾಗಿಲ ಹೊರಗೆ ಬೆಂಚಿನ ಮೇಲೆ. ಮರದ ತುಂಡು ಜೋಡಿಸುವಾಗ, ಕೇಳಿದ ಕಥೆಯನ್ನು ತಿರುಗಿ ಹೇಳುವಾಗ ಅವಳ ನಗು ಹೊರಗೆಲ್ಲ ಕೇಳಿಸುತ್ತಿತ್ತು. ಓದಲು ಕೊಟ್ಟೊಡನೆ ದನಿ ಸಣ್ಣದಾಯಿತು. 'ಕಮಲ' ಅನ್ನುವುದನ್ನು 'ಕಲಮ' ಎಂದಳು. ತಡೆದು, 'ಮಕಲ' ಎಂದಳು. ಬರೆದದ್ದನ್ನು ಆಮೇಲೆ ತೋರಿಸಿದರು. ಒತ್ತಕ್ಷರಗಳೆಲ್ಲ ಮಾಯ, 'ಹಕ್ಕಿ' ಹೋಗಿ 'ಹಕಿ' ಆಗಿತ್ತು. ಒಳಗೆ ನುಗ್ಗಿ, ಸಾಕು ಬಿಡಿ ಎಂದು ಎತ್ತಿಕೊಂಡು ಬರಬೇಕೆನಿಸಿತು. ಕೂತೇ ಇದ್ದೆ.

ಕೊನೆಗೆ ನಮ್ಮಿಬ್ಬರನ್ನೂ ಕರೆದು ಹೇಳಿದರು. ಬುದ್ಧಿಗೆ ಏನೂ ಕಡಿಮೆಯಿಲ್ಲವಂತೆ, ವಯಸ್ಸಿಗಿಂತ ಒಂದು ಕೈ ಮೇಲೆಯೇ ಇದೆಯಂತೆ. ಅಕ್ಷರಕ್ಕೂ ಸದ್ದಿಗೂ ಗಂಟು ಹಾಕುವುದೇ ಅವಳಿಗೆ ಕಷ್ಟ. ಅದಕ್ಕೆ ಡಿಸ್ಲೆಕ್ಸಿಯಾ ಅನ್ನುತ್ತಾರಂತೆ. ಇವರು ಬಸ್ಸು ಡಿಪೋಗೆ ಬಿಟ್ಟು ಯೂನಿಫಾರ್ಮಿನಲ್ಲೇ ಓಡಿಬಂದಿದ್ದರು. ಔಷಧಿ ಏನಾದರೂ ಇದೆಯೇ ಎಂದು ಕೇಳಿದರು.

"ಇದು ಕಾಯಿಲೆ ಅಲ್ಲ ಸಾರ್," ಎಂದರು ಮೇಡಂ. "ಅವಳು ಸೋಮಾರಿನೂ ಅಲ್ಲ. ಎಲ್ಲರಿಗಿಂತ ಜಾಸ್ತಿ ಕಷ್ಟಪಡ್ತಿದಾಳೆ, ಅದು ಯಾರ ಕಣ್ಣಿಗೂ ಬೀಳ್ತಿಲ್ಲ."

ವಾಪಸು ಬರುವಾಗ ಇವರು, ಓದಲು ಬಾರದವರ ತೊಂದರೆಗೆ ನಾಲಿಗೆ ತಿರುಗದ ಹೆಸರಿಟ್ಟ ಪುಣ್ಯಾತ್ಮ ಯಾರೋ ಎಂದರು. ಇಬ್ಬರೂ ನಕ್ಕೆವು. ನಗುತ್ತ ನಗುತ್ತಲೇ ನನಗೆ ಅಳು ಬಂತು.

ಇನ್ನು ವಾರಕ್ಕೆರಡು ಸಲ ಅಲ್ಲಿಯೇ ಬೇರೆ ರೀತಿಯಲ್ಲಿ ಕಲಿಸುತ್ತಾರೆ. ಮರಳಿನ ಮೇಲೆ ಬೆರಳಿನಿಂದ ಬರೆಸಿ, ಸದ್ದು ಬಿಡಿಸಿ ಬಿಡಿಸಿ. ವರ್ಷಗಳೇ ಹಿಡಿಯಬಹುದಂತೆ. ಹೆಡ್‌ಮಿಸ್ ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಕೊಡಲು ಒಪ್ಪಿದ್ದಾರೆ, ಒಲ್ಲದ ಮನಸ್ಸಿನಿಂದ. ಬುಗುರಿಗೆ ವಿಷಯ ತಿಳಿಸಿದಾಗ, ಹಾಗಾದರೆ ನಾನು ದಡ್ಡಿ ಅಲ್ವಾ ಎಂದು ಕೇಳಿದಳು. ಅಲ್ಲ ಎಂದೆ.

"ಮೇಡಂ ಹೇಳಿದ್ರಾ, ನೀನು ಹೇಳ್ತಿದೀಯಾ?"

ಮೇಡಂ ಹೇಳಿದರು ಎಂದ ಮೇಲೆಯೇ ಆಡಲು ಹೋದಳು.

ನನಗಂತೂ ದಣಿವಾಗಿದೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ನೀನು, ನಿನ್ನ ಹತ್ತಿರವಲ್ಲದೆ ಇನ್ನಾರ ಹತ್ತಿರ ಹೇಳಿಕೊಳ್ಳಲಿ. ಭಾವನವರಿಗೆ ನಮಸ್ಕಾರ ತಿಳಿಸು. ಹುಡುಗರಿಗೆ ಚಿಕ್ಕಮ್ಮನ ಮುತ್ತುಗಳು. ನಿನ್ನ ಆಶೀರ್ವಾದದ ಕೈ ಬುಗುರಿಯ ತಲೆಯ ಮೇಲಿರಲಿ.

ನಿನ್ನ ಮಡಿಲಲ್ಲೇ ಬೆಳೆದ
ತಂಗಿ

ವಿ.ಸೂ.: ಇದನ್ನು ಮರೆತು ಬಿಟ್ಟದ್ದಲ್ಲ ಅಕ್ಕ, ಮೇಲೆ ಬರೆಯಲು ಕೈ ಬರಲಿಲ್ಲ. ರಜೆಗೆ ಬುಗುರಿಯನ್ನು ಯಾವಾಗ ಕಳಿಸುತ್ತೀಯೆಂದು ಕೇಳಿದ್ದೀಯ. ಈ ಸಲ ಕಳಿಸುವುದಿಲ್ಲ. ಶಾಲೆಗೆ ಹೊರಡುವಾಗಲೆಲ್ಲ ಹೊಟ್ಟೆನೋವು ಅನ್ನುತ್ತಾಳೆ, ಅದು ಯಾವಾಗಿನಿಂದ ಎಂದು ಮೇಡಂ ಅವಳನ್ನೇ ಕೇಳಿದರಂತೆ. ಹೋದ ರಜೆಯಲ್ಲಿ ದೊಡ್ಡಮ್ಮನ ಮನೆಗೆ ಹೋಗಿಬಂದಾಗಿನಿಂದ ಎಂದಳಂತೆ. ಅಲ್ಲಿ ಊಟಕ್ಕೆ ಮುಂಚೆ ನಿಂತು ಪೇಪರ್ ಓದಬೇಕಿತ್ತು, ತಪ್ಪಿದರೆ ಮೊದಲಿಂದ, ಅಣ್ಣಂದಿರು ತಟ್ಟೆಯ ಮುಂದೆ ಕಾಯುತ್ತ ಕೂತಿರುತ್ತಿದ್ದರು ಎಂದಳಂತೆ. ನನಗೂ ನೀನು ಹಾಗೆಯೇ ಕಲಿಸಿದ್ದು. ನಾನು ಕಲಿತೆ. ಅದು ನೆನಪಾಗಿ ನಿನ್ನನ್ನು ಬೈಯಲೂ ಆಗುತ್ತಿಲ್ಲ, ಸುಮ್ಮನಿರಲೂ ಆಗುತ್ತಿಲ್ಲ.

"ದೊಡ್ಡಮ್ಮನಿಗೆ ಹೇಳ್ಬೇಡಮ್ಮ, ಬೇಜಾರು ಮಾಡ್ಕೋತಾರೆ," ಎಂದು ಮನೆಗೆ ಬಂದ ಮೇಲೆ ಬೇಡಿಕೊಂಡಳು. ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ನೀನೇ ಬಾ ಅಕ್ಕ, ನಾಲ್ಕು ದಿನ ಇದ್ದು ಹೋಗು. ಓದಿನ ಮಾತು ಎತ್ತಬೇಡ. ಸುಮ್ಮನೆ ಅವಳ ಪಕ್ಕ ಕೂತು ಊಟ ಮಾಡು.