ಹುಳಿಮಳೆಯ ಚಹಾ

ಅಂಬ್ರಿಮ್ ದ್ವೀಪ

ಅಕ್ಕಾ,
ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಬೆಂಕಿಬೆಟ್ಟದ ಹೊಗೆ ಸೇರಿ ಇಲ್ಲಿನ ಮೋಡಗಳು ಹಾಲಿಗಿಂತ ಬೆಳ್ಳಗಾಗಿವೆ. ಮೋಡದೊಳಗಿನ ಹನಿಗಳು ತೀರಾ ಸಣ್ಣವಾದ್ದರಿಂದ ಮಳೆಯೇ ಅಪರೂಪ. ಬಿದ್ದರೂ ಹುಳಿ, ಕೆಸುವಿನ ಎಲೆಯೆಲ್ಲ ಸುಟ್ಟುಹೋಗಿದೆ. ನಿನ್ನೆ ಬೆಟ್ಟ ನೋಡಲು ಹಡಗಿನಲ್ಲಿ ಬಂದವರು "ಎಂಥಾ ಚೆಂದದ ಮೋಡ!" ಎನ್ನುತ್ತ, ತೊಟ್ಟಿಯಲ್ಲಿ ಉಳಿದಿದ್ದ ಒಳ್ಳೆಯ ನೀರಿನಲ್ಲಿ ಬೂಟು ತೊಳೆದುಕೊಂಡರು! ನಮ್ಮತ್ತೆ ಹೊಸ ಮಳೆನೀರಿನಲ್ಲಿ ಚಹಾ ಕಾಯಿಸಿ ಕೊಟ್ಟರು. ಒಬ್ಬ ಥೂ ಎಂದು ಉಗಿದ.
"ಯಾಕಪ್ಪಾ, ಮೋಡ ಚೆಂದ ಅಂದ್ಯಲ್ಲ? ಕುಡಿ. ಇನ್ಮೇಲೆ ನನ್ನ ಮೊಮ್ಮಕ್ಕಳಿಗೂ ಇದೇ ಗತಿ" ಅಂದರು ಅತ್ತೆ.
ಬಂದವರು ತಲೆ ತಗ್ಗಿಸಿ ಹೋದರು. ಹಡಗಿನಲ್ಲಿ ಬೇಕಾದಷ್ಟು ನೀರಿತ್ತು, ಒಂದು ಕೊಡವನ್ನೂ ಇಳಿಸಲಿಲ್ಲ.
ಮಗನಿಗೆ ಗಂಟಲುರಿ. ಭಾವನ ಕೈಲಿ ಕುಡಿಯುವ ನೀರು ಕಳಿಸು, ಬೇರೇನೂ ಬೇಡ. ಈ ಕಾಗದ ಒಯ್ಯುವ ದೋಣಿಯವನು ಕೂಗುತ್ತಿದ್ದಾನೆ.
ನಿನ್ನ ತಂಗಿ ರೋಸ್ಲಿನ್