ಕೆಂಪು ದಾರದ ನಾಲ್ಕು ಕೋಲು

ಶನಿವಾರ, ಮಧ್ಯಾಹ್ನ

ನನ್ನ ಮುದ್ದು ತಂಗೀ,

ಎರಡು ಬೀದಿ ಆಚೆ ಇರುವವಳಿಗೆ ಕಾಗದ ಯಾಕೆ ಅಂತ ನಗಬೇಡ. ಎದುರಿಗೆ ಬಂದರೆ ನೀನು ಟೀ ಕೊಟ್ಟು ಕೂರಿಸುತ್ತೀಯ, ನಾನು ಮತ್ತೆ ಸುಳ್ಳು ಹೇಳಿ ಎದ್ದು ಬರುತ್ತೇನೆ.

ಆರು ವರ್ಷ ಪ್ರತಿ ಭಾನುವಾರ ಕಡಲತೀರದಲ್ಲಿ ನಮ್ಮದೇ ಜೋಡಿ. ಗುಂಪಿನವರೊಂದಿಗೆ ಕಸ ಹೆಕ್ಕಿ ಮುಗಿದ ಮೇಲೆ ಹಕ್ಕಿ ಎಣಿಸುವುದು ನಾನು, ಪುಸ್ತಕದಲ್ಲಿ ಬರೆಯುವುದು ನೀನು. ನಾನು ಹನ್ನೊಂದು ಅಂದರೆ ನೀನು ತಲೆಯೆತ್ತದೆ ಹನ್ನೊಂದು ಬರೆಯುತ್ತಿದ್ದೆ. ಆಮೇಲೆ ಬಂದಳಲ್ಲ ನಿನ್ನ ಟೈಲರಮ್ಮ! ಮೂರೇ ತಿಂಗಳಿಗೆ, ಅಕ್ಕಾ ನಿಂಗೆ ಬಿಸಿಲು ಆಗಲ್ಲ, ನೀನು ಚೀಲ ನೋಡ್ಕೋ, ಎಣಿಸೋದು ಅವಳು ಮಾಡ್ಲಿ ಅಂದೆ. ನನಗೆ ಬಿಸಿಲು ಆಗಲ್ಲ ಅಂತ ಯಾವ ಡಾಕ್ಟರು ಹೇಳಿದ್ದು? ಅವಳ ಕಣ್ಣು ಎಷ್ಟು ಚುರುಕು ಅಂತ ನೀನು ಹೊಗಳಿದ್ದೇ ಹೊಗಳಿದ್ದು. ನನಗೆ ಮೈಯೆಲ್ಲ ಉರಿಯಿತು. ನೀವಿಬ್ಬರೂ ಒಂದೇ ಛತ್ರಿಯಡಿ ಪಿಸುಗುಟ್ಟಿ ನಗುತ್ತಾ ಹೋಗುವಾಗ, ಹರಿದ ಚಪ್ಪಲಿ ಹೆಕ್ಕುತ್ತಿದ್ದ ನಾನು ನಿಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಹೋದ ಭಾನುವಾರ ಮರಳಿನಲ್ಲಿ ಅವಳಿಗೆ ಹಕ್ಕಿಯ ಮೂರು ಮೊಟ್ಟೆ ಸಿಕ್ಕಿತಲ್ಲ. ಯಾರೂ ತುಳಿಯದಿರಲಿ ಅಂತ ಸುತ್ತ ನಾಲ್ಕು ಕೋಲು ನೆಟ್ಟು ಕೆಂಪು ದಾರ ಕಟ್ಟಿದಳು. ನೀನು ಅವಳನ್ನು ಅಪ್ಪಿಕೊಂಡೆ. ಅಷ್ಟೇ ಸಾಕಾಯಿತು ನನಗೆ. ಗುಂಪಿನವರು ಆ ಕಡೆ ಬರುವ ಮೊದಲೇ ಕೋಲುಗಳನ್ನು ಕಿತ್ತು ಚೀಲಕ್ಕೆ ತುರುಕಿದೆ. ಒಂದು ಮೊಟ್ಟೆ ಯಾರದೋ ಬೂಟಿನಡಿ ಒಡೆಯಿತು. ನೀವು ಕೇಳಿದಾಗ, ಕಸ ಅಂದ್ಕೊಂಡೆ, ನಂಗ್ಯಾರೂ ಹೇಳ್ಲಿಲ್ಲ ಅಂದೆ. ಕೋಲು ನೆಟ್ಟವರೇ ಎಲ್ಲರಿಗೂ ತಿಳಿಸಬೇಕು ಅನ್ನುವುದು ನಮ್ಮ ನಿಯಮ. ಅವಳು ನನಗೆ ಬೆರಳು ಮಾಡಿ ತೋರಿಸಿಯೇ ಹೇಳಿದ್ದಳು ಕಣೇ. ನೀನು ನನ್ನ ಮಾತು ನಂಬಿ, ಅಷ್ಟು ಜನರ ಮುಂದೆ ಅವಳಿಗೆ, ಇನ್ಮೇಲೆ ಬರ್ಬೇಡ ಅಂದೆ. ಅವಳು ತುಟಿ ಪಿಟಕ್ಕೆನ್ನದೆ ಹೋದಳು. ನಿಜ ಹೇಳಲಾ? ಆ ಗಳಿಗೆ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ನಾಳೆಯಿಂದ ನೀನೇ ಎಣಿಸು ಅಂತ ಹೇಳಿಕಳಿಸಿದ್ದೀಯ. ಬಯಸಿದ್ದೇ ಸಿಕ್ಕಿದೆ, ಆದರೆ ನನಗದು ಬೇಡ. ಅವಳನ್ನು ವಾಪಸ್ಸು ಕರೆಸು. ನಾನು ಮಾಡಿದ್ದನ್ನು ಎಲ್ಲರೆದುರು ಹೇಳು. ನನ್ನ ಮೇಲೆ ಎಷ್ಟು ಬೇಕಾದರೂ ಕೂಗಾಡು, ಮಾತು ಮಾತ್ರ ಬಿಡಬೇಡ.

ನಿನ್ನ ಹೊಟ್ಟೆಕಿಚ್ಚಿನ
ಅಕ್ಕ

ತಾ.ಕ.: ನಿನ್ನೆ ಅವಳ ಅಂಗಡಿಗೆ ಹೋಗಿದ್ದೆ. ನಾನು ಕೋಲು ಕೀಳುವುದನ್ನು ಅವಳು ದೂರದಿಂದ ನೋಡಿ ಓಡಿ ಬಂದಿದ್ದಳಂತೆ. ಅಷ್ಟರಲ್ಲಿ ಮೊಟ್ಟೆ ಒಡೆದಿತ್ತು. ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಅಂತ ಕೇಳಿದೆ. ನಿಮ್ ತಂಗಿಗೆ ಇರೋದು ನೀವೊಬ್ರೇ ಅಲ್ವಾ ಅಕ್ಕಾ, ಅಂದಳು. ನಿನ್ನ ಮೇಲೆ ಅವಳಿಗೆ ನನಗಿಂತ ಹೆಚ್ಚು ಪ್ರೀತಿ. ಅದಕ್ಕೂ ನನಗೆ ಹೊಟ್ಟೆ ಉರಿಯುತ್ತಿದೆ.