ಗೇಣುದ್ದದ ಜನ್ನತ್

೭೮೬

ಬೈಲಹೊಂಗಲ
ತಾ. ೧೨-೧-೨೦೦೩, ರವಿವಾರ

ಪ್ರೀತಿಯ ಮಗಳು ಜೀನತ್‌ಗೆ ಅಪ್ಪನ ದುವಾ,

ಹಾಂ, ಸ್ಟಿಯರಿಂಗು ಎಡಗಡೆ ಇತ್ತು ಅನ್ನುವುದನ್ನೇ ಹೇಳುತ್ತಿದ್ದೆ, ಅಷ್ಟರಲ್ಲಿ ನಿನ್ನೆ ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ನಿಮ್ಮ ಅತ್ತೆ ಎತ್ತುತ್ತಾರೇನೋ ಎಂದು ಸುಮ್ಮನಾದೆ. ಇರಲಿ, ಮೊದಲು ನಿನ್ನ ಆರೋಗ್ಯದ ಸುದ್ದಿ ಬರೆ. ಕಾಲಿನ ಬಾವು ಇಳಿಯಿತೇ? ಊಟ ರುಚಿಸುತ್ತದೆಯೇ? ಎಡ ಮಗ್ಗುಲಿಗೆ ಮಲಗಬೇಕಂತೆ, ಪಕ್ಕದ ಮನೆಯ ಇಂದ್ರವ್ವ ಒತ್ತಿ ಹೇಳಿದ್ದಾಳೆ. ನಾನು ಅರಾಮ ಇದ್ದೇನೆ. ಕಣ್ಣಿನ ಮಂಜು ಹಾಗೆಯೇ ಇದೆ. ಹತ್ತಿರದ್ದು ಕಾಣುತ್ತದೆ, ದೂರದ್ದು ಕರಗಿಹೋಗುತ್ತದೆ.

ನಿನ್ನೆ ಫೋನು ಹಚ್ಚಿದ್ದು ಆಟಿಕೆಯ ಗಾಡಿಯ ಸುದ್ದಿ ಹೇಳಲಿಕ್ಕಲ್ಲ. ಹೆರಿಗೆಗೆ ನೀನು ಇಲ್ಲಿಗೆ ಬರುತ್ತೀಯೋ ಇಲ್ಲವೋ ಎಂದು ಕೇಳಬೇಕಿತ್ತು. ಚೊಚ್ಚಲು ತವರಿನಲ್ಲಿ ಆಗಬೇಕೆಂಬ ಆಸೆ ನನಗೂ ಇದೆ. ಆದರೆ ಹೋದ ತಿಂಗಳು ರಾಮದುರ್ಗಕ್ಕೆ ಬಂದಾಗ ನಿಮ್ಮ ಅತ್ತೆ, "ಬೀಗರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಿಮ್ಮ ಮನ್ಯಾಗ ಹೆಣ್ಮಕ್ಕಳು ಯಾರದಾರ? ಬಾಣಂತಿಗಿ ನೀರು ಯಾರು ಹಾಕವ್ರು?" ಅಂದರು. ಪಾಪ, ಕಾಳಜಿಯಿಂದಲೇ ಅಂದರು. ನೀನು ಬಾಗಿಲ ಹಿಂದೆ ನಿಂತಿದ್ದೆ, ನಿನ್ನ ಮುಖ ನನಗೆ ಕಾಣಲಿಲ್ಲ. ಅದಕ್ಕೇ ನಿನ್ನೆ ಕೇಳಬೇಕೆಂದಿದ್ದೆ, ಬಾಯಿಗೆ ಬಂದದ್ದು ಮಾತ್ರ ಸ್ಟಿಯರಿಂಗು.

ಇಸ್ರಾರ ಮಸ್ಕತ್ತಿನಿಂದ ತಂದುಕೊಟ್ಟ ಡಬ್ಬಿ ಬಹಳ ದಿನ ಕಪಾಟಿನ ಮೇಲೆಯೇ ಇತ್ತು. "ಮಾವಾ, ಹೊತ್ತ ಹೋಗ್ಲಿ ಅಂತ ತಂದೇನಿ. ಒಳಗ ಪಿಕಪ್ ಐತಿ, ನೀವ ಜೋಡಿಸಬೇಕು" ಅಂದಿದ್ದ ನಿನ್ನ ಗಂಡ. ತೆರೆದರೆ ಪಿಕಪ್ ಎಲ್ಲಿದೆ? ಬಾಗಿಲು, ಗಾಲಿ, ಬಾನೆಟ್ಟು ಎಲ್ಲ ಬಿಡಿಬಿಡಿಯಾಗಿ, ಬಳ್ಳಿಗೆ ಅವರೆಕಾಯಿ ಹತ್ತಿದಂತೆ ಕೆಂಪು ಪ್ಲಾಸ್ಟಿಕ್ ಕಡ್ಡಿಗಳಿಗೆ ಹತ್ತಿಕೊಂಡಿದ್ದವು. ಜೊತೆಗೊಂದು ಇಂಗ್ಲಿಷ್ ಹಾಳೆ. ಸ್ಕೇಲು ಒನ್ ಇಸ್ಟು ಟ್ವೆಂಟಿಫೋರ್, ಅಂದರೆ ದೊಡ್ಡ ಗಾಡಿಯ ಇಪ್ಪತ್ನಾಲ್ಕನೆಯ ಒಂದು ಪಾಲು, ಗೇಣುದ್ದ. ಧಾರವಾಡದಲ್ಲಿ ಬಿ.ಎ. ಎರಡನೆಯ ವರ್ಷದವರೆಗೆ ಕೂತು ಎದ್ದು ಬಂದವನಲ್ಲವೇ ನಾನು, ವಾಕ್ಯಗಳೆಲ್ಲ ಇಂಪರೇಟಿವ್ ಎಂದು ಕೂಡಲೇ ಗುರುತು ಹಿಡಿದೆ. "ಸಿಮೆಂಟ್ ದಿ ಡೋರ್" ಎಂದು ಬರೆದಿತ್ತು. ನೌನನ್ನು ವರ್ಬು ಮಾಡಿದ್ದಾರೆ, ಭೇಷ್ ಅಂದುಕೊಂಡು, ಹಿಂದಿನ ಓಣಿಯಲ್ಲಿ ಮನೆ ಕಟ್ಟಿಸುವವರ ಹತ್ತಿರ ಬಟ್ಟಲು ಸಿಮೆಂಟು ಇಸಿದುಕೊಂಡು, ನೀರು ಕಲಸಿ ಬಾಗಿಲಿಗೆ ಮೆತ್ತಿದೆ. ಮುಂಜಾನೆ ನೋಡಿದರೆ ಬಾಗಿಲೊಂದು ಕಡೆ, ಸಿಮೆಂಟಿನ ಹಕ್ಕಳೆಯೊಂದು ಕಡೆ! ಅಣ್ಣನ ಮಗ ಸಾಜಿದ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾಕಾ, ಗಾಡಿ ಮಾಡಾಕ ಹತ್ತೀರೋ, ಬಂಗ್ಲೆ ಕಟ್ಟಾಕ ಹತ್ತೀರೋ? ದಿನಾ ನೀರು ಹೊಡೀರಿ ಮತ್ತ, ಇಲ್ಲಾಂದ್ರ ಬಿರಕ ಬಿಡ್ತೈತಿ." ಆಮೇಲೆ ಅವನೇ ಅಂಗಡಿಯಿಂದ ಅಂಟಿನ ಟ್ಯೂಬು ತಂದುಕೊಟ್ಟ. ಆ ಹಾಳೆಯ ಇಂಗ್ಲಿಷಿನಲ್ಲಿ ಸಿಮೆಂಟು ಅಂದರೆ ಅಂಟು ಅಂತೆ. ನಮ್ಮ ಪ್ರೊಫೆಸರು ಇದನ್ನು ಹೇಳಿರಲಿಲ್ಲ, ಅಥವಾ ಅವತ್ತು ನಾನು ಕ್ಲಾಸಿಗೆ ಹೋಗಿರಲಿಲ್ಲ.

ಡಬ್ಬಿಯ ಮೇಲಿನ ಚಿತ್ರದಂತೆ ಜೋಡಿಸಿದ್ದರೆ ಎಂದೋ ಮುಗಿಯುತ್ತಿತ್ತು. ಆದರೆ ಅದು ಪರದೇಶದ ಗಾಡಿ, ಉದ್ದ ಮೂಗಿನದು. ಹುಟ್ಟುವ ಕೂಸಿನ ಕೈಗೆ ಮೊದಲು ಸಿಗುವ ಗಾಡಿ ಸ್ಟ್ಯಾಂಡಿನಲ್ಲಿ ನಿಲ್ಲುವ ನಮ್ಮ ಬಾಡಿಗೆ ಪಿಕಪ್ಪಿನಂತೆಯೇ ಇರಲಿ ಅನ್ನಿಸಿತು. ಮೂಗನ್ನು ಅರದಿಂದ ತಿಕ್ಕಿ ಮೊಂಡು ಮಾಡಿದೆ. ಸ್ಟಿಯರಿಂಗಿನ ತೂತು ಮುಚ್ಚಿ, ಗಾದಿ ಹೊಲಿಯುವ ದಬ್ಬಣ ಕಾಸಿ ಬಲಗಡೆಗೆ ಹೊಸ ತೂತು ಹಾಕಿದೆ. ಒಳಗೆ ಎರಡು ಕುರ್ಚಿಗಳಿದ್ದವು, ಗಂಡ ಹೆಂಡತಿ ಜಗಳಾಡಿ ದೂರ ದೂರ ಕೂತಂತೆ. ಅವನ್ನು ಕಿತ್ತು, ಹಳೆಯ ಹವಾಯಿ ಚಪ್ಪಲಿ ಕೊಯ್ದು, ನಮ್ಮದರಂತೆ ಒಂದೇ ಉದ್ದನೆಯ ಸೀಟು ಕೂಡಿಸಿದೆ. ಮೇಲಿನ ಕ್ಯಾರಿಯರಿಗೆ ಕೊಡೆಯ ಕಡ್ಡಿಗಳಾದವು. ದೊಡವಾಡದಲ್ಲಿ ಚಕ್ಕಡಿ ತಾಗಿ ಎಡಬಾಗಿಲು ತಗ್ಗು ಬಿದ್ದಿತ್ತಲ್ಲ, ಚಮಚ ಬಿಸಿ ಮಾಡಿ ಸರಿಯಾಗಿ ಅಲ್ಲಿಯೇ ಒತ್ತಿದೆ. ಅಳತೆ ತಪ್ಪಬಾರದೆಂದು ಸ್ಟ್ಯಾಂಡಿಗೆ ಹೋಗಿ ದೊಡ್ಡ ಗಾಡಿಯ ಸುತ್ತ ಟೇಪು ಹಿಡಿದು ತಿರುಗಿದೆ. ಕಣ್ಣು ಮಂಜಾದ ಮೇಲೆ ಅದನ್ನು ಓಡಿಸುವವನು ಸಾಜಿದ್ ತಾನೇ. ಚೇಷ್ಟೆಯಲ್ಲಿ ಅವನು ಯಾರ ಮಾತೂ ಕೇಳುವವನಲ್ಲ. ಎಲ್ಲರೆದುರು ಕೂಗಿದ: "ಗಾಡಿಗಿ ಅಂಗಿ ಹೊಲಿಸಾವ್ರೇನ ಕಾಕಾ? ತೋಳು ಉದ್ದ ಇಡ್ರಿ, ಥಂಡಿ ಬಾಳ ಐತಿ!"

ಹಿಂದಿನ ಬಾಗಿಲಿಗೆ ಹೆಸರು ಬರೆಯುವಾಗ ಮಾತ್ರ ಬ್ರಶ್ಶು ಸ್ವಲ್ಪ ಹೊತ್ತು ನಿಂತಿತು. ಗಾಡಿ ತಂದ ವರ್ಷ ನಿನ್ನ ಹೆಸರು ಬರೆ ಎಂದು ಪೇಂಟರ್ ಕಾಡಪ್ಪನಿಗೆ ಹೇಳಿಬಂದಿದ್ದೆ. ಪಕ್ಕದ ಹತ್ತಿ ಜಿನ್ನಿಂಗ್ ಮಿಲ್ಲಿನ ಗದ್ದಲದಲ್ಲಿ ಅವನಿಗೆ ಕೇಳಿಸಿದ್ದೇ ಬೇರೆ. ಸಂಜೆ ನೋಡಿದರೆ ದಪ್ಪ ಹಳದಿ ಅಕ್ಷರಗಳಲ್ಲಿ ಜನ್ನತ್! ಮಗಳನ್ನು ಬರೆ ಅಂದರೆ ಸ್ವರ್ಗವನ್ನೇ ಬರೆದಿದ್ದ. ಬೈಯಲು ಹೋದರೆ, "ಸಾಬ್ರ, ಮಗಳ ಹೆಸರು ನಿಮ್ಮೊಬ್ರ ಮನಿಗೆ ಆಗ್ತಿತ್ತು, ಇದು ಊರಿಗೆಲ್ಲಾ ಆತು ನೋಡ್ರಿ" ಅಂದ. ಎಂಟು ವರ್ಷದವಳು ನೀನು, ಕಾಲು ಬಡಿದು ಅಳತೊಡಗಿದೆ: "ನನ್ನ ಗಾಡಿಗಿ ಬ್ಯಾರೇದಾಕಿ ಹೆಸರು ಯಾಕ ಬರಸೀರಿ?" ನಿಮ್ಮವ್ವ ನಿನ್ನನ್ನು ತೊಡೆಯ ಮೇಲೆ ಎಳೆದುಕೊಂಡು, "ಇರ್ಲಿ ಬಿಡ ಅವ್ವಿ. ಜೀನತ್ ಒಂದಿನ ಅತ್ತಿಮನಿಗೆ ಹೋಗಾಕಿ. ಜನ್ನತ್ ನಮ್ಮ ಹಂತೇಕನ ಇರ್ತೈತಿ" ಅಂದಳು. ಎಂ.ಕೆ. ಹುಬ್ಬಳ್ಳಿಯಲ್ಲಿ ಒಬ್ಬ ಮುದುಕಿಗೆ, ಬಾರವ್ವಾ, ಬಿಸಿಲಲ್ಲಿ ಯಾಕೆ ನಿಂತಿ, ಜನ್ನತ್ ಹತ್ತು ಅಂದರೆ, "ಈಗ ಬ್ಯಾಡಪಾ, ಮೊಮ್ಮಗನ ಲಗ್ನ ಐತಿ, ಅದೊಂದು ಆಗ್ಲಿ" ಅಂದಿದ್ದಳು. ಎಷ್ಟು ನಕ್ಕಿದ್ದೆವು! ಈಗ ಜೀನತ್ ರಾಮದುರ್ಗದಲ್ಲಿ, ಜನ್ನತ್ ದಿನಾ ಸಾಜಿದನ ಕೈಯಲ್ಲಿ ಮುರಗೋಡಕ್ಕೆ ಹೋಗಿ ಬರುತ್ತದೆ. ಕಾಡಪ್ಪನ ಸೊಟ್ಟ ಒತ್ತಕ್ಷರ ಸಮೇತ ಹಾಗೆಯೇ ಬರೆದೆ. ಇದ್ದದ್ದು ಇದ್ದಂತೆ ಇರಬೇಕಲ್ಲ.

ಮಧ್ಯಾಹ್ನ ಅದನ್ನು ನೆಲದ ಮೇಲಿಟ್ಟು, ಕೆನ್ನೆ ನೆಲಕ್ಕೆ ಹಚ್ಚಿ ಮಲಗಿ ನೋಡಿದೆ. ಇಷ್ಟು ಹತ್ತಿರದಿಂದ ನೋಡಿದರೆ ಅದು ಚಿಕ್ಕದೆಂದು ಗೊತ್ತೇ ಆಗುವುದಿಲ್ಲ. ಕಿಟಕಿಯ ಬಿಸಿಲಿನ ಪಟ್ಟಿ ಮುರಗೋಡದ ರಸ್ತೆಯಾಯಿತು. ಎರೆಹೊಲದ ಜೋಳ ಎರಡೂ ಕಡೆ ತೂಗತೊಡಗಿತು. ಗಾಡಿಯ ಹಿಂಭಾಗದಲ್ಲಿ ನಾನೇ ಹತ್ತಿ ಹಿಂಜಿ ಹೊಲಿದ, ಲಗ್ನದ ಮನೆಗೆ ಹೊರಟ ಗಾದಿಗಳು, ಗಾದಿಗಳ ಮೇಲೆ ಅಂಗಾತ ಮಲಗಿದ ನೀನು. ನಾನು ಓಡಿಸುತ್ತಿದ್ದೆನೋ, ಮೇಲಿನಿಂದ ನೋಡುತ್ತಿದ್ದೆನೋ ತಿಳಿಯಲಿಲ್ಲ. ಮೋಡಗಳನ್ನು ನೋಡಿ ನೀನು ಮೇಲಿನಿಂದಲೇ ಕೂಗುತ್ತಿದ್ದೆ: "ಅಪ್ಪಾ, ಅಲ್ಲಿ ಹತ್ತಿ ಯಾರು ಹಿಂಜಿದ್ರು?" ನಿಮ್ಮವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಿಮ್ಮಪ್ಪನ ಕೈಯಂತೂ ಅಲ್ಲ ಬಿಡವ್ವಾ ಅದು. ಒಂದ ಗಂಟರೆ ಐತೇನ ನೋಡು!" ಅನ್ನುತ್ತಿದ್ದಳು. ಗಾಡಿ ನಿಲ್ಲಲೇ ಇಲ್ಲ, ಸವದತ್ತಿಯ ಗುಡ್ಡಗಳ ಕಡೆ ಸದ್ದಿಲ್ಲದೆ ಹೋಗುತ್ತಲೇ ಇತ್ತು. ಎಚ್ಚರವಾದಾಗ ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದವು.

ಇಂದ್ರವ್ವನ ಹತ್ತಿರ ಮಾತಾಡಿದ್ದೇನೆ. ಸರಕಾರಿ ದವಾಖಾನೆಯಲ್ಲಿ ನರ್ಸಾಗಿದ್ದವಳು, ಎಷ್ಟು ಕೂಸುಗಳನ್ನು ಎತ್ತಿದ್ದಾಳೋ. "ಯಾಕೂಬಣ್ಣ, ನೀ ಬರೇ ಹಂಡೇದಾಗ ನೀರು ಕಾಸು. ಅವರವ್ವ ರಹೀಮಬಿ ಇದ್ದಿದ್ರ ಏನೇನ ಮಾಡ್ತಿದ್ದಳೋ ಅದೆಲ್ಲಾ ನಾ ಮಾಡ್ತೇನಿ. ಕೂಸಿನ ಕುತ್ತಿಗಿ ಹಿಡ್ಯಾಕರೆ ಬರ್ತೈತೋ ಇಲ್ಲೋ ನಿನಗ?" ಅಂದಳು. ಬರುತ್ತದೆ ಅಂದೆ. ನಿನ್ನನ್ನು ಹಿಡಿದಿದ್ದೇನಲ್ಲ. ಒಳಗಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಹೊಸ ಹತ್ತಿ ತಂದು ಕೂಸಿನ ಗಾದಿ ಹೊಲಿಯುತ್ತಿದ್ದೇನೆ, ಈ ಸಲ ಒಂದೂ ಗಂಟಿಲ್ಲ, ಕೈಯಾಡಿಸಿ ಆಡಿಸಿ ನೋಡಿದ್ದೇನೆ. ಇದನ್ನೆಲ್ಲ ನಿಮ್ಮ ಅತ್ತೆಗೆ ಓದಿ ಹೇಳು, ಸಿಮೆಂಟಿನದು ಮಾತ್ರ ಬಿಟ್ಟು. ಇನ್ನೂ ಏನೋ ಬರೆಯಬೇಕೆಂದಿದ್ದೆ. ಅರೆ, ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿವೆಯಲ್ಲ. ಬಿಸಿಲು ಯಾವಾಗ ಗೋಡೆ ಏರಿ ಹೋಯಿತೋ ಗೊತ್ತಾಗಲಿಲ್ಲ, ಬೆಳಕು ಹೊರಟಿತು.

ಅಲ್ಲಾಹ ನಿನ್ನನ್ನೂ ನಿನ್ನ ಹೊಟ್ಟೆಯೊಳಗಿನ ಜೀವವನ್ನೂ ತನ್ನ ನೆರಳಿನಲ್ಲಿ ಇಟ್ಟುಕೊಳ್ಳಲಿ. ಅತ್ತೆ ಮಾವನವರಿಗೆ ನನ್ನ ಸಲಾಮು.

ನಿನ್ನ ಅಪ್ಪ
ಯಾಕೂಬಸಾಬ ನದಾಫ

ತಾ.ಕ.: ಬರುವ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಸಾಜಿದನೂ ನಾನೂ ಗಾಡಿ ತೆಗೆದುಕೊಂಡು ರಾಮದುರ್ಗಕ್ಕೆ ಬರುತ್ತೇವೆ. ನಿಮ್ಮ ಅತ್ತೆಯನ್ನು ಕೇಳುತ್ತೇನೆ, ಆದರೆ ಮೊದಲು ನಿನ್ನನ್ನು. ಬರುವುದಿಲ್ಲ ಅಂದರೆ ಕಾರಣ ಕೇಳುವುದಿಲ್ಲ. ಕೂಸಿನ ಗಾದಿ ಇಳಿಸಿ, ಚಹಾ ಕುಡಿದು ಊರಿಗೆ ಹೊಳ್ಳುತ್ತೇವೆ. ಬರುತ್ತೇನೆ ಅಂದರೆ ಮುಂದಿನ ಸೀಟಿನಲ್ಲಿ ಕಿಟಕಿಯ ಕಡೆಗೆ ಕೂಡಬೇಕು. ನಿಮ್ಮವ್ವ ಹೋದ ಮೇಲೆ ನೀನು ನಡುವೆಯೇ ಕೂತು ಅವಳ ಆ ಜಾಗ ಖಾಲಿ ಬಿಡುತ್ತಿದ್ದೆ. ಇನ್ನು ಬಿಡಬೇಡ. ನಿಮ್ಮಿಬ್ಬರಿಗೂ ಗಾಳಿ ಬೇಕು. ನಡುವೆ ನಾನು ಕೂಡುತ್ತೇನೆ.